ಸಿಲ್ವಾನ್ ಮಾವನ ಸಿದ್ಧ ಉತ್ತರ

ವೇಷ, ಕುಣಿತಗಳ ಕಾರ್ನಿವಲ್ ಹಬ್ಬ ಹತ್ತಿರ ಬಂತೆಂದರೆ ನಮ್ಮ ಬೆಲ್ಮಾಂಟ್ ಬಡಾವಣೆಯಲ್ಲಿ ಕುರ್ಚಿಗಳಿಗೆ ಕೆಲಸ ಇರುವುದಿಲ್ಲ. ಯಾರೂ ಕೂರುವುದೇ ಇಲ್ಲ. ಅಂಚೆ ಕಚೇರಿಯ ಹೆಂಗಸು ನಿಂತುಕೊಂಡೇ ಠಸ್ಸೆ ಹಾಕುತ್ತಾಳೆ, ಅದೂ ತಾಳಕ್ಕೆ ಸರಿಯಾಗಿ. ಹಲ್ಲಿನ ಡಾಕ್ಟರ ಕಾಲು, ಕೈಯಲ್ಲಿ ಇಕ್ಕಳ ಇದ್ದಾಗಲೂ, ತನ್ನ ಪಾಡಿಗೆ ಕುಣಿಯುತ್ತಿರುತ್ತದೆ. ನಮ್ಮ ಹಿತ್ತಿಲ ಗೋಡೆಯ ಆಚೆಗೇ ಸ್ಟೀಲ್ ಡ್ರಮ್ಮಿನವರ ಅಂಗಳ. ಕ್ರಿಸ್‌ಮಸ್ ನಕ್ಷತ್ರ ಇಳಿಸುವ ಮೊದಲೇ ಅವರ ಅಭ್ಯಾಸ ಶುರುವಾಗುತ್ತದೆ. ಒಂದೇ ಹಾಡಿನ ಒಂದೇ ತುಣುಕನ್ನು, ಅಂಗಿಯ ಹಟಮಾರಿ ಕಲೆಯನ್ನು ಉಜ್ಜುವ ಹಾಗೆ, ಅವರು ದಿನವೆಲ್ಲ ಉಜ್ಜುತ್ತಾರೆ. ಆ ಹೊಡೆತಕ್ಕೆ ಅಮ್ಮನ ಗಾಜಿನ ಬೀರುವಿನಲ್ಲಿ ಲೋಟಗಳು ತಾವಾಗಿಯೇ ನಡೆದು ಅಂಚಿಗೆ ಬಂದು ನಿಲ್ಲುತ್ತವೆ. ಬೆಳಗೆದ್ದು ಅವನ್ನು ಹಿಂದಕ್ಕೆ ತಳ್ಳುವುದು ಅಮ್ಮನ ಮೊದಲ ಪ್ರಾರ್ಥನೆ.

ಇನ್ನು ವೇಷಗಳಿಗೆ ಹಚ್ಚುವ ಮಿನುಗುಪುಡಿ. ಅದು ಅನ್ನದಲ್ಲಿ ಸಿಗುತ್ತದೆ, ಸೋಪಿನಲ್ಲಿ ಸಿಗುತ್ತದೆ, ಕಳೆದ ವರ್ಷ ನಮ್ಮ ಪಾದ್ರಿಯ ಹುಬ್ಬಿನಲ್ಲೂ ಸಿಕ್ಕಿತು. ಯಾರೂ ಏನೂ ಕೇಳಲಿಲ್ಲ. ನನ್ನಂತೆ ಡಿಗ್ರಿ ಮುಗಿಸಿ ಕೆಲಸ ಹುಡುಕುವವರಿಗಂತೂ ಎಲ್ಲ ಕಚೇರಿಗಳಲ್ಲೂ ಒಂದೇ ಮಾತು: "ಕಾರ್ನಿವಲ್ ಮುಗೀಲಿ, ನೋಡೋಣ." ಹಾಗಾಗಿ ನಾನು ಕಿಟಕಿಯ ಪಟ್ಟಿಗಳ ಸಂದಿಯಿಂದ ಬೀದಿ ನೋಡುತ್ತ ಕೂತಿದ್ದೆ. ಈ ಕಥೆಯನ್ನು ಹೇಳುವ ಅರ್ಹತೆ ನನಗೆ ಬಂದದ್ದು ಆ ಸಂದಿಯಿಂದಲೇ.

ಕಥೆ ನನ್ನ ಸೋದರಮಾವ ಸಿಲ್ವಾನ್ ಲೆಜಾಮಾನದು. ಐವತ್ತು ದಾಟಿದ ಬ್ರಹ್ಮಚಾರಿ. ನೀರಿನ ಕಚೇರಿಯಲ್ಲಿ ಗುಮಾಸ್ತ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ವಾಸ. ಕಾಲರಿಗೆ ಗಂಜಿ ಹಾಕದೆ ಹೊರಗೆ ಹೋದವನಲ್ಲ, ಯಾರಿಗೂ ಎದುರು ಮಾತಾಡಿದವನಲ್ಲ. ಇಂಥವನಿಗೆ ಹೋದ ವರ್ಷದ ಕಾರ್ನಿವಲ್ಲಿನಲ್ಲಿ ಗೊಂಬೆತಾಯಿ ಗಂಟುಬಿದ್ದಿದ್ದಳು.

ಗೊಂಬೆತಾಯಿ ಎಂದರೆ ಹಳೇ ಕಾಲದ ವೇಷ. ಜಾಲರಿ ಲಂಗ, ಲೇಸಿನ ಕುಲಾವಿ, ಮುಖವಾಡ, ತೋಳಲ್ಲೊಂದು ಗೊಂಬೆ. ಬೀದಿಯಲ್ಲಿ ಮರ್ಯಾದಸ್ಥ ಗಂಡಸನ್ನು ಹುಡುಕಿ ಅಡ್ಡಗಟ್ಟಿ, "ಅಯ್ಯೋ, ಈ ಮಗು ನಿಂದು! ಹಾಲಿಗೆ ದುಡ್ಡು ಕೊಡು!" ಎಂದು ರಂಪ ಮಾಡುವುದೇ ಆಟ. ನಮ್ಮ ಬೀದಿಯಲ್ಲಿ ಆ ವೇಷ ಹಾಕುವವನು ಮೆಕ್ಯಾನಿಕ್ ಬಾಯ್ಸಿ, ಮೀಸೆಯುಳ್ಳವನು. ಎಲ್ಲರಿಗೂ ಗೊತ್ತು. ಸಿಲ್ವಾನ್ ಮಾವನಿಗೂ ಗೊತ್ತು. ಆದರೂ ಬಾಯ್ಸಿ ಅಡ್ಡಗಟ್ಟಿ ಕೂಗಿದ್ದೇ ತಡ, ಮಾವ ಕೆಂಪಾಗಿ, ಬೆವರಿ, ಟೋಪಿ ಬಿಟ್ಟು ಓಡಿ, ಮೊದಲು ಕಂಡ ವ್ಯಾನು ಹತ್ತಿಬಿಟ್ಟ. ಅದು ದೂರದ ಅರೀಮಾ ಊರಿಗೆ ಹೋಗುವ ವ್ಯಾನು. ಊಟದ ಹೊತ್ತಿಗೆ ವಾಪಸು ಬಂದಾಗ ಬೀದಿಯ ತುದಿಯಲ್ಲಿ ಕಡಲೆಗೊಜ್ಜು ತುಂಬಿದ ಡಬಲ್ಸ್ ರೊಟ್ಟಿ ಮಾರುವ ರಾಮ್‌ಸಾರನ್ ಅವನಿಗೆ ಹೊಸ ಹೆಸರಿಟ್ಟಾಗಿತ್ತು.

"ಬಾ ಅರೀಮಾ ಅಪ್ಪ! ಮಗು ಹೇಗಿದೆ?"

ಆ ಹೆಸರು ವರ್ಷವಿಡೀ ನಡೆಯಿತು. ನೀರಿನ ಕಚೇರಿಯಲ್ಲಿ ದೂರು ಕೊಡಲು ಬಂದವರೂ, "ಅರೀಮಾ ಅಪ್ಪ ಕೂರೋದು ಯಾವ ಕಿಟಕೀಲಿ?" ಎಂದು ಕೇಳತೊಡಗಿದರು.

ಹೀಗಾಗಿ ಈ ಸಲ ಮಾವ ತಯಾರಾದ. ಯುದ್ಧಕ್ಕೆ ಹೊರಡುವ ಸೇನಾಪತಿಯೂ ಅಷ್ಟು ತಯಾರಾಗುವುದಿಲ್ಲ. ದಿನಾ ಸಂಜೆ ನನ್ನನ್ನು ಹಜಾರದಲ್ಲಿ ನಿಲ್ಲಿಸಿ, ಕೈಗೆ ದಿಂಬು ಕೊಡುತ್ತಿದ್ದ.

"ಹೂಂ, ಕೂಗೇ ಹುಡುಗಿ."

"ಈ ಮಗು ನಿಮ್ಮದು," ಎಂದು ನಾನು ಪಿಸುಗುಡುತ್ತಿದ್ದೆ. ಕೂಗುವುದು ನನ್ನಿಂದಾಗದ ಕೆಲಸ.

"ನಂದೇ!" ಎಂದು ಮಾವ ದಿಂಬನ್ನು ಕಿತ್ತುಕೊಂಡು ಎದೆಗಪ್ಪಿಕೊಳ್ಳುತ್ತಿದ್ದ. "ಯಾರ್ರೀ ಅಲ್ಲ ಅಂದೋರು? ಈ ಮೂಗು ನೋಡಿ, ನಂದು! ಈ ಗಲ್ಲ ನೋಡಿ, ನಂದು! ಕೊಡಿ ಇಲ್ಲಿ, ನಾನೇ ಸಾಕ್ತೀನಿ!" ಆಮೇಲೆ ನನ್ನ ಕಡೆ ತಿರುಗಿ, "ಹೇಗೆ? ಗೊಂಬೆತಾಯಿ ಬಾಯಿ ಬಂದ್. ಅವಳಿಗೇ ಓಡೋ ಗತಿ," ಎನ್ನುತ್ತಿದ್ದ.

ಈ ಬಾಯಿ ಇನ್ನೊಂದು ಕಡೆ ಬೇಕಾಗಿತ್ತು. ಅಲ್ಲಿ ಅದು ತೆರೆಯುತ್ತಿರಲಿಲ್ಲ.

ಚರ್ಚಿನಲ್ಲಿ ಆರ್ಗನ್ ನುಡಿಸುವ ಮಿಸ್ ಯೂಲಾಲಿ ಮತ್ತು ಮಾವ ನನಗೆ ನೆನಪಿರುವಂದಿನಿಂದ ಪ್ರತಿ ಭಾನುವಾರ ಒಟ್ಟಿಗೆ ನಡೆದು ಬರುತ್ತಾರೆ. ಗೇಟಿನ ಹತ್ತಿರ ಮಾವ ಟೋಪಿ ತೆಗೆದು, "ಮಿಸ್ ಯೂಲಾಲಿ, ಒಂದು ಮುಖ್ಯವಾದ ವಿಷಯ ಮಾತಾಡೋದಿದೆ. ಕಾರ್ನಿವಲ್ ಮುಗೀಲಿ," ಎನ್ನುತ್ತಾನೆ. ಕಾರ್ನಿವಲ್ ಮುಗಿದರೆ ಉಪವಾಸದ ಕಾಲ. ಆಗ ಮದುವೆ ಮಾತು ಆಡಬಾರದು. ಆಮೇಲೆ ಈಸ್ಟರ್ ಮುಗಿಯಬೇಕು. ಆಮೇಲೆ ಮಳೆ ನಿಲ್ಲಬೇಕು. ಮಳೆ ನಿಂತರೆ ಕ್ರಿಸ್‌ಮಸ್, ಮತ್ತೆ ಕಾರ್ನಿವಲ್. ಮಿಸ್ ಯೂಲಾಲಿ ಏನೂ ಹೇಳುವವರಲ್ಲ. ತಾಳ್ಮೆ ಕಡಿಮೆಯಾದಾಗ ಅವರ ಎಡಗೈಯ ಬೆರಳುಗಳು ಮಾತ್ರ ಸಿಕ್ಕಿದ್ದರ ಮೇಲೆ, ಗೇಟು, ಬೇಲಿ, ಪ್ರಾರ್ಥನಾ ಪುಸ್ತಕ, ಏನಾದರೂ ಸರಿ, ಆರ್ಗನ್ ನುಡಿಸತೊಡಗುತ್ತವೆ.

ಈ ವರ್ಷ ಆ ಬೆರಳುಗಳು ಗೇಟಿನ ಮೇಲೆ ಇಡೀ ಒಂದು ಸ್ತೋತ್ರವನ್ನೇ ಮುಗಿಸಿದವು. ಆಮೇಲೆ ಅವರು ಹೇಳಿದರು, "ಟೊಬೇಗೊದಲ್ಲಿರೋ ನಮ್ಮಕ್ಕ ಕರೀತಿದಾಳೆ, ಸಿಲ್ವಾನ್ ಅವರೇ. ಅಲ್ಲಿನ ಚರ್ಚಿಗೆ ಆರ್ಗನ್ ನುಡಿಸೋರು ಬೇಕಂತೆ. ಕಾರ್ನಿವಲ್ ಮುಗಿದ ಮಾರನೇ ದಿನ, ಬೂದಿ ಬುಧವಾರ, ಹಡಗು ಹತ್ತೀನಿ. ತಡೆಯೋರು ಯಾರೂ ಇಲ್ಲದಿದ್ದರೆ."

"ಅಯ್ಯೋ," ಎಂದ ಮಾವ. ಬಹಳ ಯೋಚಿಸಿ, "ಹಡಗಲ್ಲಿ ವಾಂತಿಗೆ ಶುಂಠಿ ಒಳ್ಳೇದು," ಎಂದ.

ಅಮ್ಮ ಒಳಗೆ ಹಣೆ ಚಚ್ಚಿಕೊಂಡ ಸದ್ದು ನನಗೆ ಕೇಳಿಸಿತು.

ಕಾರ್ನಿವಲ್ ಸೋಮವಾರ ಬಂತು. ಬೆಳಗಿನ ಜಾವದ ಕೆಸರು ಕುಣಿತ ಮುಗಿಸಿದವರು ಮೈಗೆ ಮಣ್ಣು ಮೆತ್ತಿಕೊಂಡು ನಮ್ಮ ಗೋಡೆಗೆ ಒರಗಿ ನಿದ್ದೆ ಹೋಗಿದ್ದರು. ಗೋಡೆಯ ಮೇಲೆ ಅವರ ಬೆನ್ನಿನ ಚಿತ್ರ ಮೂಡಿತ್ತು. ಧ್ವನಿವರ್ಧಕ ಹೇರಿದ ಹಾಡಿನ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಮಾವ ಇಸ್ತ್ರಿ ಅಂಗಿ ತೊಟ್ಟು ಜಗುಲಿಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದ. ಜೇಬಿನಲ್ಲಿ ಅರೀಮಾ ವ್ಯಾನಿಗೆ ಕೊಡುವ ಚಿಲ್ಲರೆ ಇತ್ತು. "ಇರಲಿ, ಉತ್ತರ ಮರ್ತುಹೋದ್ರೆ," ಎಂದು ನನಗೆ ಮಾತ್ರ ಹೇಳಿದ್ದ.

ಮಧ್ಯಾಹ್ನದ ಹೊತ್ತಿಗೆ ಮೂಲೆಯಿಂದ ಒಬ್ಬಳು ದಪ್ಪ ಹೆಂಗಸು ಬಂದಳು. ಜಾಲರಿ ಲಂಗ, ಲೇಸಿನ ಕುಲಾವಿ, ಮುಖಕ್ಕೆ ಬಿಳಿ ಪೌಡರು, ತೋಳಲ್ಲಿ ಗಂಟು. ಒಂದೊಂದು ಗೇಟನ್ನೂ ನೋಡುತ್ತ ಬಂದು ನಮ್ಮದರ ಮುಂದೆ ನಿಂತಳು.

"ಬಂದ್ಲು!" ಎಂದ ಮಾವ, ಮೂರು ಮೆಟ್ಟಿಲನ್ನು ಒಂದೇ ನೆಗೆತಕ್ಕೆ ಇಳಿದು.

"ನೋಡಿ ಸಾರ್, ಈ ಮಗು—" ಎಂದಳು ಅವಳು.

"ನಂದು!" ಎಂದ ಮಾವ.

ಹೆಂಗಸು ಒಂದು ಹೆಜ್ಜೆ ಹಿಂದೆ ಸರಿದಳು. "ನಾನಿನ್ನೂ ಹೇಳೇ ಇಲ್ಲ—"

"ಹೇಳೋದೇ ಬೇಡ! ನಂದೇ! ಯಾರ್ರೀ ಅಲ್ಲ ಅಂದೋರು? ಈ ಮೂಗು ನೋಡಿ, ನಂದು! ಈ ಗಲ್ಲ ನೋಡಿ, ನಂದು!"

ಬೀದಿ ನಿಂತುಬಿಟ್ಟಿತು. ರಾಮ್‌ಸಾರನ್ ಸೌಟು ಹಿಡಿದುಕೊಂಡೇ ಬಂದ. ಗೋಡೆಗೊರಗಿದ್ದ ಕೆಸರಿನವರು ಒಂದು ಕಣ್ಣು ತೆರೆದರು.

ಹೆಂಗಸಿನ ಕಣ್ಣು ತುಂಬಿ ಬಂತು. "ದೇವ್ರು ದೊಡ್ಡೋನು ಸಾರ್. ನಿಮ್ಮ ಬಗ್ಗೆ ಏನೇನೋ ಹೇಳಿದ್ರು. ಕಲ್ಲೆದೆ, ಬಾಗಿಲು ಕೂಡ ತೆಗೆಯಲ್ಲ ಅಂತ."

ಇದು ಅಭ್ಯಾಸದಲ್ಲಿ ಬಂದಿರಲಿಲ್ಲ. ಆದರೆ ಮಾವನಿಗೆ ಆವೇಶ ಏರಿತ್ತು. "ಯಾರು ಹೇಳಿದ್ದು? ನನ್ನ ಮನೆ ಬಾಗಿಲೂ ತೆಗೆದಿದೆ, ಎದೆ ಬಾಗಿಲೂ ತೆಗೆದಿದೆ! ಕೊಡಿ ಇಲ್ಲಿ, ನಾನೇ ಸಾಕ್ತೀನಿ!"

"ಹಾಗಾದ್ರೆ ತಗೊಳ್ಳಿ. ಬಾಟ್ಲಿ ಈ ಚೀಲದಲ್ಲಿದೆ. ನಮ್ಮ ತಂಡ ಮೂಲೆ ದಾಟ್ತಿದೆ, ನಾ ಓಡ್ಬೇಕು." ಗಂಟನ್ನು ಮಾವನ ಕೈಗಿಟ್ಟು, ಲಂಗ ಎತ್ತಿಕೊಂಡು ಅವಳು ನಿಜಕ್ಕೂ ಓಡಿದಳು.

ಮಾವ ಗೆದ್ದಿದ್ದ. ಚಪ್ಪಾಳೆ ಬಿತ್ತು. "ಭಲೇ ಅರೀಮಾ ಅಪ್ಪ! ಗೊಂಬೆತಾಯಿನೇ ಓಡಿಸಿಬಿಟ್ಟೆ!" ಎಂದು ರಾಮ್‌ಸಾರನ್ ಸೌಟು ಎತ್ತಿದ. ಮಾವ ನಾಟಕದ ರಾಜನಂತೆ ಬಲಕ್ಕೊಮ್ಮೆ ಎಡಕ್ಕೊಮ್ಮೆ ಬಾಗಿ ನಮಸ್ಕರಿಸಿದ.

ಆಗ ಗೊಂಬೆ ಸೀನಿತು.

ಮಾವ ಸುತ್ತಲೂ ನೋಡಿದ. ಬೇರೆ ಯಾರೂ ಸೀನಿರಲಿಲ್ಲ. ಗೊಂಬೆ ಇನ್ನೊಮ್ಮೆ ಸೀನಿ, ಕಾಲು ಝಾಡಿಸಿ, ಅವನ ಇಸ್ತ್ರಿ ಅಂಗಿಯನ್ನು ಬೆಚ್ಚಗೆ ಒದ್ದೆ ಮಾಡಿತು. ಎಂಥ ಹಳೇ ಕಾಲದ ವೇಷದವರೂ ಆಟವನ್ನು ಅಷ್ಟು ದೂರ ಒಯ್ಯುವುದಿಲ್ಲ.

"ಅಮ್ಮಾ! ಏ ಅಮ್ಮಾ! ಇದು ನಿಜದ್ದು ಕಣಮ್ಮಾ! ತಗೋಳಮ್ಮಾ!" ಎಂದು ಮಾವ ಮೂಲೆಯವರೆಗೆ ಓಡಿದ. ಅಲ್ಲಿ ಜಾಲರಿ ಲಂಗದ, ಲೇಸಿನ ಕುಲಾವಿಯ ಹೆಂಗಸರದೇ ಒಂದು ಇಡೀ ತಂಡ ಕುಣಿಯುತ್ತ ಹೋಗುತ್ತಿತ್ತು. ಎಲ್ಲರ ಮುಖಕ್ಕೂ ಬಿಳಿ ಪೌಡರು.

ತಿರುಗಿ ಬರುವಾಗ ಗೇಟಿನಲ್ಲಿ ಮಿಸ್ ಯೂಲಾಲಿ ನಿಂತಿದ್ದರು. ಕೈಯಲ್ಲಿ ಬಟ್ಟೆ ಮುಚ್ಚಿದ ಮ್ಯಾಕರೋನಿ ಕಡುಬಿನ ತಟ್ಟೆ. ಬೆರಳುಗಳು ತಟ್ಟೆಯ ತಳದಲ್ಲಿ ಓಡಾಡುತ್ತಿದ್ದವು.

"ಮಿಸ್ ಯೂಲಾಲಿ, ಇದು— ನಾನು— ಮೂಗು—"

"ಮೂಗು ನೋಡಿದೆ, ಸಿಲ್ವಾನ್ ಅವರೇ," ಎಂದು ಹೇಳಿ, ತಟ್ಟೆಯ ಸಮೇತ ಅವರು ವಾಪಸು ಹೋದರು.

ಅಮ್ಮ ಹೊರಗೆ ಬಂದಳು. ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಯಾವಾಗಯ್ಯಾ ಪುರುಸೊತ್ತಾಯ್ತು ನಿನಗೆ? ದೀಪ ಹಚ್ಚೋ ಹೊತ್ತಿಗೆ ಮನೆ ಸೇರ್ತಿದ್ದೆ!"

"ಅಕ್ಕಾ, ನಿನ್ನಾಣೆ, ಅದು ವೇಷ ಅಂದ್ಕೊಂಡೆ!"

ಮೂಲೆಯಲ್ಲಿ ಲಾರಿಗಳಿಗೆ ದಾರಿ ಬಿಡಿಸುತ್ತಿದ್ದ ಪೊಲೀಸನನ್ನು ಯಾರೋ ಕರೆತಂದರು. ಅವನು ನಿಂತಲ್ಲೇ ತಾಳಕ್ಕೆ ಭುಜ ಕುಣಿಸುತ್ತ ವಿಚಾರಣೆ ನಡೆಸಿದ.

"ಮಗು ಯಾರದ್ದು?"

"ಅವನದ್ದೇ!" ಎಂದಿತು ಬೀದಿ.

"ನಂದಲ್ಲ ಸ್ವಾಮಿ!"

"ನಂದೇ ಅಂತ ಅಂದ್ರಾ ಇಲ್ವಾ?"

"ಅಂದೆ. ಆದ್ರೆ ಅದು ಉತ್ತರ."

"ಪ್ರಶ್ನೆ ಏನಿತ್ತು?"

"ಪ್ರಶ್ನೆ ಕೇಳೋಕೆ ನಾನು ಬಿಡಲಿಲ್ಲ."

ಪೊಲೀಸ್ ಭುಜ ಕುಣಿಸುವುದನ್ನು ನಿಲ್ಲಿಸಿದ. "ನೋಡಿ ಅಪ್ಪಾಜಿ, ಕಾರ್ನಿವಲ್ಲಲ್ಲಿ ಕಳೆದುಹೋದ ಮಗು ಅಂದ್ರೆ ನಾವು ದೂರು ತಗೋತೀವಿ. ಅಪ್ಪ ಸಿಕ್ಕಿರೋ ಮಗುವಿಗೆ ದೂರು ಏನಂತ ತಗೊಳ್ಳೋದು? ಸಂಜೆ ತನಕ ಸಾಕಿ, ಯಾರಾದ್ರೂ ಕೇಳಿಕೊಂಡು ಬಂದ್ರೆ ನೋಡೋಣ."

ಮಗು ಈಗ ರಾಗ ತೆಗೆಯಿತು. ಸ್ಟೀಲ್ ಡ್ರಮ್ಮಿನ ಅಂಗಳದವರೂ ಒಂದು ಕ್ಷಣ ನಿಲ್ಲಿಸಿ ಗೋಡೆಯ ಮೇಲಿಂದ ಇಣುಕಿದರು.

ಆ ಸದ್ದಿಗೆ ಪಕ್ಕದ ಮನೆಯ ಬಾಗಿಲು ತೆರೆಯಿತು. ಗಿಟ್ಟೆನ್ಸ್ ಹಿರಿಯರು ಹೊರಬಂದರು. ಪ್ರಾರ್ಥನಾ ಮಂದಿರದ ಹಿರಿಯರು; ಕಾರ್ನಿವಲ್ಲಿನ ದಿನಗಳಲ್ಲಿ ಬಾಗಿಲು ಹಾಕಿಕೊಂಡು ಕಿಟಕಿಯಿಂದ ಪಾಪವನ್ನು ಗಮನಿಸುವುದು ಅವರ ವ್ರತ. ಒಬ್ಬಳೇ ಮಗಳು ಜನೀಲ್ ಸ್ಟೀಲ್ ಡ್ರಮ್ ಬಾರಿಸುವವನನ್ನು ಮದುವೆಯಾದಳೆಂದು ಅವಳ ಹೆಸರು ಎತ್ತುವುದನ್ನೇ ಬಿಟ್ಟಿದ್ದರು. ಅವಳಿಗೆ ಮಗುವಾದ ಸುದ್ದಿ ಬಂದಾಗಲೂ ಪತ್ರಿಕೆಯ ಪುಟ ತಿರುವಿದ್ದರಷ್ಟೆ.

"ಸಿಲ್ವಾನ್ ಲೆಜಾಮಾ!" ಎಂದು ಗುಡುಗಿದರು. "ಎಲ್ಲಾ ಕೇಳಿಸಿಕೊಂಡೆ! ಕೊಡು ಆ ನಿರಪರಾಧಿ ಜೀವಾನ!" ಮಗುವನ್ನು ಎತ್ತಿ ಜನರಿಗೆ ತೋರಿಸಿದರು. "ನೋಡಿ! ಕಾರ್ನಿವಲ್ಲಿನ ಫಲ ನೋಡಿ! ಅದೇ ಲೆಜಾಮಾ ಮೂಗು! ಅದೇ ಮೊಂಡು ಗಲ್ಲ! ಅಚ್ಚು ಒತ್ತಿದ ಹಾಗಿದೆ! ಇನ್ಯಾವ ಪುರಾವೆ ಬೇಕು?"

ಮಗು ಅವರ ಕೊರಳಪಟ್ಟಿ ಹಿಡಿದುಕೊಂಡು ಸುಮ್ಮನಾಯಿತು. ಮಾವ ಕೈ ಚಾಚಿದರೆ ಅಳು. ಹಿರಿಯರ ಎದೆಗೆ ಬಂದರೆ ಮೌನ. ಲಾರಿಯ ಹಾಡಿಗೆ ಮೆಲ್ಲಗೆ ತೂಗಿದರೆ ಕಣ್ಣು ಮುಚ್ಚುತ್ತದೆ. ನಿಂತರೆ ಬಾಯಿ ತೆರೆಯುತ್ತದೆ. ಹೀಗಾಗಿ ಹಿರಿಯರು ಕಾರ್ನಿವಲ್ಲನ್ನು ಖಂಡಿಸುತ್ತಲೇ, ಕಾರ್ನಿವಲ್ಲಿನ ತಾಳಕ್ಕೆ ಸರಿಯಾಗಿ, ಎಡಕ್ಕೂ ಬಲಕ್ಕೂ ವಾಲತೊಡಗಿದರು.

"ಚೆನ್ನಾಗಿ ಬರುತ್ತೆ ಹಿರಿಯರೇ ನಿಮಗೆ," ಎಂದ ರಾಮ್‌ಸಾರನ್.

"ನಾನು ಕುಣೀತಿಲ್ಲ!" ಎಂದು ಹಿರಿಯರು, ಮಗು ಏಳದಂತೆ, ಪಿಸುದನಿಯಲ್ಲಿ ಗುಡುಗಿದರು. "ತೂಗ್ತಿದೀನಿ!"

ಲಾರಿಗಳು ಮುಗಿದರೂ ಅವರು ತೂಗುವುದನ್ನು ಬಿಡಲಿಲ್ಲ. ಬಿಸಿಲು ಇಳಿಯುವಾಗ ಬೀದಿಯ ತುದಿಯಿಂದ ಹಸಿರು ಗರಿಗಳ ಒಂದು ಗುಡ್ಡ ಓಡಿ ಬಂತು. ಹತ್ತಿರ ಬಂದಾಗ ಗರಿಗಳ ನಡುವೆ ಜನೀಲ್ ಇದ್ದಳು. ಕಣ್ಣೀರು ಮುಖದ ಮಿನುಗಿನಲ್ಲಿ ಎರಡು ಕಾಲುವೆ ತೋಡಿತ್ತು.

"ಅಪ್ಪಾ! ಮಗು ನೋಡ್ಕೊಳ್ಳೋ ಮಿಸ್ ಪೆಟ್ರಾ ಈಗ ಫೋನಿಗೆ ಸಿಕ್ಕಿದ್ರು. ತಾವೂ ವೇಷ ಹಾಕ್ಬೇಕಂತ ಮಗೂನ ತಾತನ ಮನೇಲಿ ಬಿಟ್ಟು ಬಂದೆ ಅಂದ್ರು. ನನ್ನ ಜೀವ ಹಾರಿಹೋಯ್ತು! ಆದ್ರೆ ನೀವು ನೋಡಿದ ಕೂಡ್ಲೆ 'ನಂದೇ' ಅಂತ ಕೂಗಿದ್ರಂತೆ? ಎದೆ ಬಾಗಿಲು ತೆಗೆದಿದೆ ಅಂದ್ರಂತೆ? ಬೀದಿಗೆಲ್ಲ ಮೂಗು ತೋರಿಸಿದ್ರಂತೆ?"

ಬೀದಿಯಲ್ಲಿ ಒಂದು ಗರಿ ಬಿದ್ದರೂ ಕೇಳುವಷ್ಟು ಮೌನ. ಒಂದು ಗರಿ ಬಿದ್ದಿತು ಕೂಡ. ಎಲ್ಲರೂ ಮಗುವಿನ ಮೂಗು ನೋಡಿದರು. ಆಮೇಲೆ ಮೆಲ್ಲಗೆ ಕಣ್ಣೆತ್ತಿ ಗಿಟ್ಟೆನ್ಸ್ ಹಿರಿಯರ ಮೂಗು ನೋಡಿದರು. ಅಚ್ಚು ಒತ್ತಿದ ಹಾಗಿತ್ತು.

"ಕೂಗಿದ್ದು ನಾನು" ಎನ್ನಲು ಮಾವ ಬಾಯಿ ತೆರೆದ. ಅಮ್ಮ ಅವನ ಕಾಲ ಮೇಲೆ ತನ್ನ ಪೂರ್ತಿ ತೂಕ ಇಟ್ಟಳು.

ಹಿರಿಯರು ಮಗುವನ್ನು ನೋಡಿದರು, ಮಗಳನ್ನು ನೋಡಿದರು. ಗಂಟಲು ಸರಿಮಾಡಿಕೊಂಡು, "ಹೂಂ," ಎಂದರು. "ಅಂದೆ. ಈಗೇನು? ಒಳಗೆ ಬಾ. ಆ ಗರಿಗಳನ್ನ ಬಾಗಿಲಲ್ಲೇ ಬಿಡು." ಆಮೇಲೆ, "ಆ ಡ್ರಮ್ಮಿನವನು ಊಟ ಮಾಡಿದಾನಾ?" ಎಂದರು.

ಹೀಗೆ ಮಾವನ ತಲೆಯ ಮೇಲಿನ ಮಗು ಇಳಿಯಿತು. ಕೂಡಲೇ ಅವನು ಅಂಗಿ ಬದಲಿಸಿ ಮಿಸ್ ಯೂಲಾಲಿಯ ಮನೆಗೆ ಓಡಿದ. ಕಿಟಕಿ ಅಂಗೈಯಗಲ ತೆರೆಯಿತು. ಆ ಮನೆ ನಮ್ಮ ಮನೆಗೆ ಎದುರೇ ಇರುವುದರಿಂದ ನನ್ನ ಸಂದಿಗೆ ಎಲ್ಲವೂ ಕೇಳಿಸಿತು.

"ಮಗು ನನ್ನದಲ್ಲ, ಮಿಸ್ ಯೂಲಾಲಿ!"

"ಗೊತ್ತಾಯ್ತು. ನನ್ನ ಸಿಟ್ಟು ಮಗುವಿನ ವಿಷಯಕ್ಕಲ್ಲ. ಪೌಡರು ಬಳ್ಕೊಂಡ ಯಾರೋ ಹೆಂಗಸಿನ ಮುಂದೆ, ಬೀದಿಗೆ ಬೀದಿಯೇ ಕೇಳೋ ಹಾಗೆ, ನಂದು ನಂದು ಅಂತ ಕೂಗಿದ್ರಲ್ಲ. ಅಷ್ಟು ದೊಡ್ಡ ಬಾಯಿ ನಿಮಗಿತ್ತಾ? ಇಷ್ಟು ವರ್ಷದಲ್ಲಿ ನನ್ನ ಮುಂದೆ 'ಇನ್ನೊಂದು ಚೂರು ಕಡುಬು ಹಾಕಿ' ಅನ್ನೋದು ಬಿಟ್ಟು ಏನಾದ್ರೂ ಕೂಗಿದೀರಾ?"

"ಅದೇ ಆ ಮುಖ್ಯವಾದ ವಿಷಯ... ಕಾರ್ನಿವಲ್ ಮುಗೀಲಿ—"

ಕಿಟಕಿ ಮುಚ್ಚಿತು. ಒಳಗೆ ಪೆಟ್ಟಿಗೆಯ ಬೀಗ ಕ್ಲಿಕ್ಕೆಂದಿತು.

ಮಂಗಳವಾರ ಮಾವ ಮೌನವ್ರತ ಹಿಡಿದು ಎದ್ದ. ಇನ್ನು ಬೀದಿಯಲ್ಲಿ ಯಾವುದಕ್ಕೂ ಹೂಂ ಅನ್ನುವುದಿಲ್ಲ ಎಂದು ಶಪಥ ಮಾಡಿದ. ಆದರೂ ಒಳಗೆ ಕೂರಲಾರ. ಹೊರಗೆ ಹೋಗಿ ಎದುರು ಮನೆಯ ಮುಚ್ಚಿದ ಕಿಟಕಿ ನೋಡುತ್ತಾನೆ, ಒಳಗೆ ಬರುತ್ತಾನೆ, ಲೋಟಗಳನ್ನು ಹಿಂದಕ್ಕೆ ತಳ್ಳುತ್ತಾನೆ, ಮತ್ತೆ ಹೊರಗೆ ಹೋಗುತ್ತಾನೆ. ಕೊನೆಗೆ ಡಬಲ್ಸ್ ಗಾಡಿಯ ಮುಂದೆ ನಿಂತ.

"ಖಾರ ಹಾಕಲಾ?" ಎಂದ ರಾಮ್‌ಸಾರನ್.

"ನಾನು ಏನೂ ಹೇಳಿಲ್ಲ," ಎಂದ ಮಾವ.

"ಸ್ವಲ್ಪವೋ, ಜಾಸ್ತಿಯೋ?"

"ನನಗೂ ಅದಕ್ಕೂ ಸಂಬಂಧ ಇಲ್ಲ."

ಅದೇ ಹೊತ್ತಿಗೆ ಜನ ದಾರಿ ಬಿಟ್ಟರು. ಕುಲಾವಿ, ಜಾಲರಿ ಲಂಗ, ಮುಖವಾಡ: ಗೊಂಬೆತಾಯಿ ನೇರವಾಗಿ ನಡೆದು ಬಂದು ಮಾವನ ಮುಂದೆ ನಿಂತಳು. ಈ ಸಲ ತೋಳಲ್ಲಿದ್ದದ್ದು ಖಚಿತವಾಗಿ ಗೊಂಬೆ. ಒಂದು ಕಾಲು ಕಿತ್ತು ಹೋಗಿತ್ತು.

"ಈ ಮಗು ಯಾರದ್ದು?" ಎಂದಳು ಕೀರಲು ದನಿಯಲ್ಲಿ.

ಮಾವ ಆಕಾಶ ನೋಡಿದ. "ಬಾಯ್ಸಿ, ಇವತ್ತು ಬೇಡ ಮಾರಾಯ. ನನ್ನ ಪಾಡಿಗೆ ಬಿಡು."

"ನನ್ನ ಯಾಕಣ್ಣಾ ಕರೀತೀಯ? ನಾನು ಇಲ್ಲಿದೀನಿ," ಎಂದು ಗುಂಪಿನೊಳಗಿಂದ ಬಾಯ್ಸಿ, ಮೀಸೆ ಸವರುತ್ತ ಕೈ ಎತ್ತಿದ. "ಈ ವರ್ಷ ವೇಷ ಬಾಡಿಗೆಗೆ ಕೊಟ್ಟಿದೀನಿ."

"ಯಾರದ್ದು ಅಂತ ಕೇಳ್ದೆ," ಎಂದಳು ಗೊಂಬೆತಾಯಿ. "ಇದೇ ಕೊನೇ ಸಲ ಕೇಳೋದು. ನಾಳೆ ಹಡಗಿದೆ."

ಮಾವನ ಕೈ ಜೇಬಿನತ್ತ, ಕಣ್ಣು ವ್ಯಾನು ನಿಲ್ಲುವ ಕಡೆಗೆ ಹೋಯಿತು. ಇನ್ನೇನು ಓಡಬೇಕು. ಆಗ ಅವನ ನೋಟ ಗೊಂಬೆಯ ಬೆನ್ನಿನ ಮೇಲೆ ಬಿತ್ತು. ಎಡಗೈಯ ಬೆರಳುಗಳು ಅಲ್ಲಿ ಓಡಾಡುತ್ತಿದ್ದವು. ಪೂಜೆಯ ಕೊನೆಯಲ್ಲಿ, ಜನ ಎದ್ದು ಹೊರಡುವಾಗ ನುಡಿಸುವ ಸ್ತೋತ್ರ. ಪ್ರತಿ ಭಾನುವಾರ ಟೋಪಿ ಹಿಡಿದು ಅದು ಮುಗಿಯಲೆಂದು ಕಾದವನು ಅವನು.

ಮಾವನ ಬಾಯಿ ತೆರೆಯಿತು. ಬೆರಳುಗಳು ಕೊನೆಯ ಸಾಲಿಗೆ ಬಂದವು.

"ಮಗು ನಂದಲ್ಲ," ಎಂದ.

ಗುಂಪು "ಛೇ!" ಎಂದಿತು. ಬೆರಳುಗಳು ನಿಂತವು. ಗೊಂಬೆತಾಯಿ ತಿರುಗಿದಳು.

"ಮಗು ವಿಷಯ ನನಗೆ ಗೊತ್ತಿಲ್ಲ!" ಎಂದು ಮಾವ ಅರಚಿದ. ಹಾದುಹೋಗುತ್ತಿದ್ದ ಲಾರಿಯವನು ಹಾಡು ತಗ್ಗಿಸಿ ನೋಡಿದ. "ತಾಯಿ ನನ್ನವಳು! ಕೇಳಿಸಿತಾ ಎಲ್ಲರಿಗೂ? ತಾಯಿ ನನ್ನವಳು! ಎಲ್ಲಿಗೂ ಕಳಿಸಲ್ಲ! ಟೊಬೇಗೊಗೆ ಬೇರೆ ಯಾರನ್ನಾದ್ರೂ ಕಳಿಸಿ!"

ನಾನು ಕಿಟಕಿ ಬಿಟ್ಟು ಬೀದಿಗೆ ಬಂದುಬಿಟ್ಟಿದ್ದೆ. ಪಕ್ಕದಲ್ಲಿ ಗಿಟ್ಟೆನ್ಸ್ ಹಿರಿಯರು ಮೊಮ್ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು, "ಸಾಕ್ಷಿಗೆ ನಾನಿದೀನಿ," ಎನ್ನುತ್ತಿದ್ದರು. ಅವರ ಬೋಳುತಲೆಗೆ ಮಿನುಗುಪುಡಿ ಹತ್ತಿತ್ತು.

ಮುಖವಾಡ ಮೇಲಕ್ಕೆ ಹೋಯಿತು. ಮಿಸ್ ಯೂಲಾಲಿಯ ಮುಖ ಬೆವರಿ ಹೊಳೆಯುತ್ತಿತ್ತು. ಮಾವ ಟೋಪಿ ತೆಗೆದು, ರೂಢಿಯಂತೆ, "ನಾಳೆಯಿಂದ ಉಪವಾಸದ ಕಾಲ. ಈಸ್ಟರ್ ಮುಗೀಲಿ, ಆಮೇಲೆ..." ಎಂದು ಶುರುಮಾಡಿದ.

ಬೆರಳುಗಳು ಗೊಂಬೆಯ ಬೆನ್ನ ಮೇಲೆ ಅಲ್ಲಾಡಿದವು.

"ಈಸ್ಟರಿನ ಮಾರನೇ ದಿನ!" ಎಂದ ಮಾವ. "ಬೆಳಿಗ್ಗೆ!"

"ಸರಿ," ಎಂದು ಅವರು ಅಂಗೈ ಚಾಚಿದರು. "ಹಾಲಿಗೆ ದುಡ್ಡು?"

ಆಟದ ನಿಯಮ ನಿಯಮವೇ. ಮಾವ ಜೇಬಿಗೆ ಕೈಹಾಕಿ ಅರೀಮಾ ವ್ಯಾನಿನ ಚಿಲ್ಲರೆಯನ್ನು ತೆಗೆದು ಅವರ ಅಂಗೈಯಲ್ಲಿಟ್ಟ.

"ಇಷ್ಟೇನಾ?"

"ತಿರುಗಿ ಬರೋದಕ್ಕೂ ಸೇರಿದೆ," ಎಂದ ಮಾವ.

ರಾಮ್‌ಸಾರನ್ ಇನ್ನೂ ಸೌಟು ಹಿಡಿದೇ ಕಾಯುತ್ತಿದ್ದ. "ಅರೀಮಾ ಅಪ್ಪ, ಈಗಾದ್ರೂ ಹೇಳು. ಖಾರ ಹಾಕಲಾ?"

ಮಾವ ಮಿಸ್ ಯೂಲಾಲಿಯ ಎಡಗೈ ನೋಡಿದ. ಬೆರಳುಗಳು ಸುಮ್ಮನಿದ್ದವು.

"ಹೂಂ," ಎಂದ.